ಮಾತು ಬಿಟ್ಟ ಬೀಗತಿ

ಮುರುಗೆಪ್ಪನೂ ಅವನ ಬೀಗತಿ ಲಮಾರಾಳೂ ಜಗಳವಾಡಿದ್ದು ಒಂದೇ ಒಂದು ಸಲ. ಅದಕ್ಕೆ ಮುಂಚೆ ನಾಲ್ಕು ವರ್ಷ ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ನಿನ ಆ ಟೌನ್‌ಹೌಸಿನಲ್ಲಿ ಇಬ್ಬರೂ ಹಗಲೆಲ್ಲ ಒಟ್ಟಿಗೆ ಇದ್ದು, ಒಂದು ದಿನವೂ ಮುಖ ಸಿಂಡರಿಸಿಕೊಂಡವರಲ್ಲ. ಮಗ ಕುನಾಲ್ ಜರ್ಸಿ ಸಿಟಿಯ ಆಫೀಸಿಗೆ ಕಮ್ಯೂಟ್ ಮಾಡುತ್ತಾನೆ. ಸೊಸೆ ಎಕಾ ಹತ್ತಿರದ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿದ್ದಾಳೆ. ಮೊಮ್ಮಗಳು ಜಾನ್ವಿ ಹೈಸ್ಕೂಲಿನಲ್ಲಿ ಓದುತ್ತಾಳೆ. ಬೆಳಿಗ್ಗೆ ಈ ಮೂವರು ಬಾಗಿಲು ಎಳೆದುಕೊಂಡು ಹೋದರೆಂದರೆ ಮನೆಯಲ್ಲಿ ಉಳಿಯುವವರು ಇಬ್ಬರೇ: ಧಾರವಾಡದ ಕಡೆಯ ಒಬ್ಬ ವಿಧುರ, ಜಾರ್ಜಿಯಾದ ಒಬ್ಬಳು ವಿಧವೆ.

ಜಾರ್ಜಿಯಾ ಎಂದರೆ ಅಮೆರಿಕದ ರಾಜ್ಯವಲ್ಲ. ಕಪ್ಪು ಸಮುದ್ರದ ದಂಡೆಯ ದೇಶ, ಹಿಂದೆ ಸೋವಿಯತ್ ಒಕ್ಕೂಟದೊಳಗೆ ಇದ್ದದ್ದು. ಎಕಾ ಅಲ್ಲಿಯ ಹುಡುಗಿ. ಇಲ್ಲಿ ಓದಲು ಬಂದು, ಕ್ಲಾಸಿನಲ್ಲಿ ಸಿಕ್ಕ ಕುನಾಲನನ್ನು ಮದುವೆಯಾಗಿ, ಸಿಟಿಜನ್ ಆದಮೇಲೆ ತಾಯಿಯನ್ನು ಕರೆಸಿಕೊಂಡಳು. ತಾಯಿಗೆ ಇಂಗ್ಲಿಷ್ ಬಾರದು, ಮಾವನಿಗೆ ಜಾರ್ಜಿಯನ್ ಬಾರದು. ಆದರೆ ಇಬ್ಬರಿಗೂ ರಷ್ಯನ್ ಬರುತ್ತಿತ್ತು. ಮುರುಗೆಪ್ಪ ನಾಸಿಕ್ ಹತ್ತಿರದ ಯುದ್ಧವಿಮಾನದ ಕಾರ್ಖಾನೆಯಲ್ಲಿ ದುಡಿದವನು. ಹರೆಯದಲ್ಲಿ ತರಬೇತಿಗೆಂದು ಹೋಗಿ ಸೋವಿಯತ್ ನೆಲದಲ್ಲಿ ಎರಡು ಚಳಿಗಾಲ ಕಳೆದು ಭಾಷೆ ಕಲಿತಿದ್ದ, ಆ ದೇಶವನ್ನು ಪ್ರೀತಿಸಲೂ ಕಲಿತಿದ್ದ. ಲಮಾರಾ ಆ ಭಾಷೆಯನ್ನು ಶಾಲೆಯಲ್ಲಿ ಕಲಿತಳು, ಕಲಿಯದೆ ಗತ್ಯಂತರವಿರಲಿಲ್ಲ. ಹೀಗೆ ನ್ಯೂಜೆರ್ಸಿಯ ಒಂದು ಅಡುಗೆಮನೆಯಲ್ಲಿ ಲಿಂಗಾಯತ ಮುದುಕನೂ ಜಾರ್ಜಿಯಾದ ಮುದುಕಿಯೂ ರಷ್ಯನ್ನಿನಲ್ಲಿ ಮಾತಾಡಿಕೊಂಡು ಹುರುಳಿಕಾಯಿ ಸೋಸುತ್ತ ಕೂರುತ್ತಿದ್ದರು.

ಅವನು ಚಹಾ ಮಾಡುತ್ತಿದ್ದ. ತನಗೆ ಹಾಲು ಹಾಕಿ, ಆಕೆಗೆ ಹಾಲಿಲ್ಲದೆ. ಆಕೆ ಎರಡೂ ಕಪ್ಪು ತೊಳೆಯುತ್ತಿದ್ದಳು. ಆಕೆ ಬದನೆಕಾಯಿಗೆ ಅಕ್ರೋಟಿನ ಮಸಾಲೆ ಸವರಿದರೆ ಅವನು ಅದಕ್ಕೆ ರೊಟ್ಟಿ ಬಡಿಯುತ್ತಿದ್ದ, ಹೆಂಡತಿ ಹೋದಮೇಲೆ ಕಲಿತ ವಿದ್ಯೆ. ಮಧ್ಯಾಹ್ನ ನಾರ್ದಿ ಆಟ, ನಮ್ಮ ಪಗಡೆಯ ದೂರದ ನೆಂಟ. 'ಬೀಗತಿ' ಎಂದು ಅವನು ಕರೆಯುತ್ತಿದ್ದ. 'ಬೀಗ' ಎಂದು ಆಕೆಯೂ ಕಲಿತಿದ್ದಳು.

ಹಾಲ್‌ನಲ್ಲಿ ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ ದಾತೊನ ಫೋಟೊ ಇತ್ತು. ದಾತೊ ಲಮಾರಾಳ ಮಗ, ಎಕಾಳ ತಮ್ಮ. ಎರಡು ಸಾವಿರದ ಎಂಟರ ಆಗಸ್ಟ್ ಯುದ್ಧದಲ್ಲಿ, ಗೋರಿ ಎಂಬ ಊರಿನಲ್ಲಿ, ರಷ್ಯದ ಬಾಂಬಿಗೆ ಸತ್ತವನು. ಎಕಾ ಆಗ ವೀಸಾ ಬದಲಾಯಿಸುವ ನಡುವೆ ಸಿಕ್ಕಿಕೊಂಡು ತಮ್ಮನ ಮಣ್ಣಿಗೂ ಹೋಗದಾದಳು. ಪ್ರತಿ ಆಗಸ್ಟಿನಲ್ಲಿ ಲಮಾರಾ ಬ್ರೆಡ್ಡಿನ ತುಣುಕಿನ ಮೇಲೆ ದ್ರಾಕ್ಷಾರಸ ಸುರಿಯುತ್ತಾಳೆ, ಸತ್ತವರಿಗೆ ಎಂದು. ಹೆಂಡದ ವಾಸನೆಗೇ ಮೂಗು ಮುಚ್ಚುವ ಮುರುಗೆಪ್ಪ ಅಂದು ಮಾತ್ರ ಪಕ್ಕದಲ್ಲಿ ಕೂತು, ಫೋಟೊಗೆ ವಿಭೂತಿ ಹಚ್ಚುತ್ತಿದ್ದ. ಅಷ್ಟು ಹತ್ತಿರದ ಸಂಬಂಧ ಅದು. ಅದಕ್ಕೇ ಮುಂದಿನದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ಕಳೆದ ಅಕ್ಟೋಬರಿನಲ್ಲಿ ಜಾನ್ವಿ ಸ್ಕೂಲಿನ ಚರ್ಚಾ ತಂಡಕ್ಕೆ ಸೇರಿದಳು. ಆ ಸಲದ ವಿಷಯ: ಜಾರ್ಜಿಯಾ ನೇಟೋ ಸೈನಿಕ ಕೂಟಕ್ಕೆ ಸೇರಬೇಕೆ? ಯಾರು ಯಾವ ಪಕ್ಷ ಎಂಬುದನ್ನು ಸ್ಪರ್ಧೆಯ ಹೊತ್ತಿಗೆ ನಾಣ್ಯ ಚಿಮ್ಮಿ ನಿರ್ಧರಿಸುತ್ತಾರೆ, ಆದ್ದರಿಂದ ಎರಡೂ ಪಕ್ಷಕ್ಕೆ ಮಾತು ಸಿದ್ಧವಿರಬೇಕು. ಬೆಳಿಗ್ಗೆ 'ಬೇಕು' ಎಂದ ಮಗು ಮಧ್ಯಾಹ್ನ 'ಬೇಡ' ಎನ್ನಬೇಕು, ಎರಡಕ್ಕೂ ಚಪ್ಪಾಳೆ. ಇದನ್ನು ಇಲ್ಲಿ ವಿದ್ಯೆ ಎನ್ನುತ್ತಾರೆ.

'ಬೇಕು' ಪಕ್ಷಕ್ಕೆ ತಾಯಿ ಇದ್ದಳು. 'ಬೇಡ' ಪಕ್ಷಕ್ಕೆ ಅಜ್ಜ ತಾನಾಗಿ ಮುಂದೆ ಬಂದ.

ಅದೊಂದು ಶನಿವಾರ. ಲಮಾರಾಳೂ ಎಕಾಳೂ ಮ್ಯಾನ್‌ಹಟನ್‌ನಲ್ಲಿ ತಮ್ಮ ದೇಶದ ಧ್ವಜ ಹಿಡಿದು ಚಳಿಯಲ್ಲಿ ನಿಂತು ಬಂದಿದ್ದರು. ತಮ್ಮ ಸರ್ಕಾರ ಮತ್ತೆ ರಷ್ಯದ ಕಡೆ ವಾಲುತ್ತಿದೆ ಎಂದು ಅಲ್ಲಿ ಪ್ರತಿಭಟನೆ. ಊಟಕ್ಕೆ ಎಲ್ಲರೂ ಕೂತರು. ರೊಟ್ಟಿ, ಬೀನ್ಸಿನ ಸಾರು, ಗುರೆಳ್ಳು ಚಟ್ನಿ.

"ಅಜ್ಜ, ಐ ನೀಡ್ ಒನ್ ಸ್ಟ್ರಾಂಗ್ ಪಾಯಿಂಟ್," ಎಂದಳು ಜಾನ್ವಿ, ಲ್ಯಾಪ್‌ಟಾಪನ್ನು ತಟ್ಟೆಯ ಪಕ್ಕ ಇಟ್ಟುಕೊಂಡು.

"ಪಾಯಿಂಟ್ ಸರಳ ಐತಿ," ಎಂದ ಮುರುಗೆಪ್ಪ. "ಸಣ್ಣ ದೇಶ, ಮಗ್ಗಲಾಗ ದೊಡ್ಡ ದೇಶ. ತಲಿ ತಗ್ಗಿಸಿ ಬಾಳೇವು ಮಾಡಬೇಕು. ನೇಟೋ ಗೀಟೋ ಅನಬಾರದು."

"ಅಪ್ಪಾ, ಊಟದಾಗ ಇದು ಬ್ಯಾಡ," ಎಂದ ಕುನಾಲ್.

ಲಮಾರಾಳಿಗೆ ಕನ್ನಡ ತಿಳಿಯದು, 'ನೇಟೋ' ತಿಳಿಯಿತು. ಮಗಳನ್ನು ಕೇಳಿದಳು. ಎಕಾ, "ಏನಿಲ್ಲ, ಬಿಡಮ್ಮ," ಎಂದಳು. ಮುರುಗೆಪ್ಪ ಬಿಡಬಹುದಿತ್ತು. ಆದರೆ ಅವನು ಯಾರ ಬೆನ್ನ ಹಿಂದೆಯೂ ಮಾತಾಡುವವನಲ್ಲ, ಹಾಗೆಂದು ಅವನಿಗೆ ಹೆಮ್ಮೆ. ಅದನ್ನೇ ರಷ್ಯನ್ನಿನಲ್ಲಿ ಆಕೆಗೂ ಹೇಳಿದ. ಅವರ ರಷ್ಯನ್ನನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ.

"ನೋಡ್ರಿ ಬೀಗತಿ, ನಮ್ಮ ದೇಶ ಯಾರ ಕೂಟಕ್ಕೂ ಸೇರಲಿಲ್ಲ. ವಿಮಾನ ರಷ್ಯದವರ ಕಡೆಯಿಂದ ತಗೊಂಡ್ವಿ, ಗೋಧಿ ಅಮೆರಿಕದವರ ಕಡೆಯಿಂದ ತಗೊಂಡ್ವಿ. ಬದುಕಲಿಲ್ಲೇನು?"

"ನೀವು ನೂರು ಕೋಟಿ ಮೀರಿದ ಜನ, ಬೀಗ. ನಾವು ನಲವತ್ತು ಲಕ್ಷವೂ ಇಲ್ಲ."

"ಅದಕ್ಕ ಸುಮ್ಮನಿರಬೇಕು ಅಂತೀನಿ."

"ಸುಮ್ಮನೇ ಇದ್ದೆವಲ್ಲ! ತೊಂಬತ್ತೆರಡರಲ್ಲಿ ಯಾವ ಕೂಟದ ಬಾಗಿಲು ತಟ್ಟಿದ್ದೆವು? ಆಗಲೂ ಅವರ ಸೈನ್ಯ ಬಂತು. ನನ್ನ ಅಣ್ಣನ ಸೇಬಿನ ತೋಟದ ನಡುವೆ ಈಗ ಮುಳ್ಳುತಂತಿ. ಬೆಳಿಗ್ಗೆ ಎದ್ದು ನೋಡಿದರೆ ಬೇಲಿ ಇನ್ನಷ್ಟು ಈಚೆ ಬಂದಿರುತ್ತದೆ. ಬೇಲಿಯ ಮುಂದೆ ಎಷ್ಟು ತಲೆ ತಗ್ಗಿಸಲಿ?"

"ಎರಡು ಸಾವಿರದ ಎಂಟು. ಏಪ್ರಿಲ್‌ನಾಗ ನೇಟೋದವರು ನಿಮ್ಮನ್ನ ತಗೋತೀವಿ ಅಂದ್ರು. ಆಗಸ್ಟ್‌ನಾಗ ಟ್ಯಾಂಕು ಬಂದ್ವು. ನೀವ ವಿಚಾರ ಮಾಡ್ರಿ."

"ತಗೋತೀವಿ ಅನ್ನಲಿಲ್ಲ. ಪತೋಮ್ ಅಂದರು." ಪತೋಮ್ ಎಂದರೆ ರಷ್ಯನ್ನಿನಲ್ಲಿ 'ಆಮೇಲೆ'. ಲಮಾರಾ ಬೆರಳಿನಿಂದ ಮೇಜು ಕುಟ್ಟಿದಳು. "ಬಾಗಿಲು ತೆರೆದಿದೆ, ಆದರೆ ಪತೋಮ್. ಪ್ರತಿ ವರ್ಷ ಪತೋಮ್. ಒಳಗೆ ಕರೆದುಕೊಂಡಿದ್ದರೆ ನಮ್ಮನ್ನು ಯಾರೂ ಮುಟ್ಟುತ್ತಿರಲಿಲ್ಲ. ಕರೆಯುವುದಿಲ್ಲ ಅಂದಿದ್ದರೆ ಬೇರೆ ದಾರಿ ನೋಡಿಕೊಳ್ಳುತ್ತಿದ್ದೆವು. ಪತೋಮ್ ಪತೋಮ್ ಅಂತ ಹೊಸ್ತಿಲ ಮೇಲೆ ನಿಲ್ಲಿಸಿದರು. ಹೊಸ್ತಿಲ ಮೇಲೆ ನಿಂತವರನ್ನು ಹೊಡೆಯುವುದು ಸುಲಭ, ಬೀಗ."

ಉತ್ತರವಿಲ್ಲದಾಗ ರೊಟ್ಟಿ ಮುರಿದು ಬಾಯಿಗಿಟ್ಟುಕೊಳ್ಳಬೇಕು. ಮುರುಗೆಪ್ಪ ಮೊಮ್ಮಗಳ ಮುಖ ನೋಡಿದ, ಹುಡುಗಿ ಕಾಯುತ್ತಿದ್ದಳು. ಸೋಲಲು ಮನಸ್ಸಾಗಲಿಲ್ಲ.

"ಆ ಬಾಗಿಲಾ ಬಡೀಲಿಲ್ಲಂದ್ರ," ಎಂದ, "ನಿಮ್ಮ ದಾತೊ ಇವತ್ತು ಜೀವಂತ ಇರ್ತಿದ್ದ."

ಎಕಾಳಿಗೆ ರಷ್ಯನ್ ಚೆನ್ನಾಗಿ ಬರುತ್ತದೆ. ಅವಳ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯೊಳಗೆ ಬಿತ್ತು. ಲಮಾರಾ ಅಳಲಿಲ್ಲ. ತಟ್ಟೆಯನ್ನು ಮುಂದಕ್ಕೆ ಸರಿಸಿ ಎದ್ದಳು.

"ನನ್ನ ಮಗನನ್ನು ಕೊಂದವರ ಭಾಷೆಯನ್ನು ನಿಮಗೋಸ್ಕರ ಆಡುತ್ತಿದ್ದೆ," ಎಂದಳು. "ಇನ್ನು ಆಡುವುದಿಲ್ಲ."

"ವಾಟ್ ಡಿಡ್ ಹಿ ಸೇ? ಮಮ್ಮಾ, ವಾಟ್ ಡಿಡ್ ಹಿ ಸೇ?" ಎಂದು ಜಾನ್ವಿ ಕೇಳುತ್ತಲೇ ಇದ್ದಳು. ಕುನಾಲ್ ಲ್ಯಾಪ್‌ಟಾಪನ್ನು ಮುಚ್ಚಿದ.

ಲಮಾರಾ ಹೇಳಿದಂತೆ ಮಾಡಿದಳು. ಮಗಳ ಜೊತೆ, ಮೊಮ್ಮಗಳ ಜೊತೆ ಜಾರ್ಜಿಯನ್ನಿನಲ್ಲಿ ಮಾತು. ಅವರು ಹೊರಗೆ ಹೋದರೆ ಮೌನ. ಕೆಲಸಗಳು ಮಾತ್ರ ಮೊದಲಿನಂತೆ ನಡೆದವು. ಅವನು ಚಹಾ ಮಾಡಿ ಆಕೆಯ ಮುಂದೆ ಇಡುತ್ತಿದ್ದ, ಆಕೆ ಕುಡಿದು ಎರಡೂ ಕಪ್ಪು ತೊಳೆಯುತ್ತಿದ್ದಳು. ನಾರ್ದಿಯ ಹಲಗೆ ಸೋಫಾದ ಕೆಳಗೆ ಹೋಯಿತು.

ಈ ನಡುವೆ ಜಾನ್ವಿ ಗೆದ್ದುಬಂದಳು. ನಾಣ್ಯ 'ಬೇಡ' ಕಡೆಗೆ ಬಿದ್ದಿತ್ತು. ಎಕಾ ಸ್ಪರ್ಧೆಯ ವಿಡಿಯೊ ನೋಡಿದಳು. ಮಗಳು ಕಪ್ಪು ಕೋಟು ಹಾಕಿಕೊಂಡು, ನನ್ನ ಸೋದರಮಾವನನ್ನು ಕೊಂದದ್ದು ಬಾಂಬಲ್ಲ, ಒಂದು ಪೊಳ್ಳು ಭರವಸೆ ಎಂದು ಹೇಳುತ್ತಿದ್ದಳು. ಅಜ್ಜ ಅಂದು ಏನು ಹೇಳಿದ ಎಂದು ಅವಳು ಮರುದಿನ ಅವನಿಂದಲೇ ಕೇಳಿ ತಿಳಿದಿದ್ದಳು.

"ದಾತೊನ ಹೆಸರು ಹಾಕಿ ಪ್ರೈಜ್ ತಗೊಂಡ್ಯಾ?" ಎಂದು ಎಕಾ ಅಡುಗೆಮನೆಯಲ್ಲಿ ಕೂಗಿದಳು. ಮನೆಯಲ್ಲಿ ಅವಳು ಮಗಳೊಂದಿಗೆ ಮೂರು ಭಾಷೆ ಕಲಸುತ್ತಾಳೆ. ಸಿಟ್ಟಿಗೆ ತೀರಿಹೋದ ಅತ್ತೆಯಿಂದ ಕಲಿತ ಕನ್ನಡವೇ ಬರುತ್ತದೆ.

"ಮಮ್ಮಾ, ಇಟ್ಸ್ ಜಸ್ಟ್ ಡಿಬೇಟ್! ನೆಕ್ಸ್ಟ್ ರೌಂಡ್‌ನಲ್ಲಿ ಐ ಮೈಟ್ ಆರ್ಗ್ಯೂ ಯುವರ್ ಸೈಡ್."

"ನಂದು ಸೈಡ್ ಅಲ್ಲ ಅದು. ನನ್ನ ತಮ್ಮ."

ಜಾನ್ವಿ ಟ್ರೋಫಿಯನ್ನು ಬೇರೆ ಜಾಗ ಕಾಣದೆ ಬೆಂಕಿಗೂಡಿನ ಹಲಗೆಯ ಮೇಲೆ ಇಟ್ಟಿದ್ದಳು, ದಾತೊನ ಫೋಟೊ ಪಕ್ಕ. ಮುರುಗೆಪ್ಪ ಅದನ್ನು ಪಂಚೆಯ ತುದಿಯಿಂದ ಒರೆಸಿದ್ದನ್ನು ಲಮಾರಾ ನೋಡಿದಳು. ಅಂದು ಸಂಜೆ ಫೋಟೊ ಆಕೆಯ ಕೋಣೆಗೆ ಹೋಯಿತು.

"ಅಪ್ಪಾ, ಹೋಗಿ ತಪ್ಪಾತು ಅನ್ರಿ," ಎಂದ ಕುನಾಲ್, ಕಸದ ಡಬ್ಬಿ ರಸ್ತೆಗೆ ಎಳೆಯುತ್ತ. "ಎಕಾ ನನ್ನ ಕೂಡನೂ ನೆಟ್ಟಗೆ ಮಾತಾಡವಲ್ಲಳು."

"ನಾ ಸುಳ್ಳು ಹೇಳೀನೇನು?"

"ಖರೇ ಸುಳ್ಳು ಯಾರು ಕೇಳ್ಯಾರ ಅಪ್ಪಾ? ಮಗನ್ನ ಕಳಕೊಂಡಾರ ಅವರು."

"ಸಿಟ್ಟು ಇಳೀಲಿ. ಆಮ್ಯಾಲೆ ನೋಡೂಣು."

ಅವನಿಗೂ ಒಳಗೆ ಚುಚ್ಚುತ್ತಿತ್ತು. ಒಂದೆರಡು ಸಲ ಆಕೆಯ ಕೋಣೆಯ ಬಾಗಿಲತನಕ ಹೋಗಿ ಮರಳಿದ. ಹೇಳುವುದಾದರೂ ಯಾವ ಭಾಷೆಯಲ್ಲಿ? ಇದ್ದ ಒಂದು ಭಾಷೆಯನ್ನು ಆಕೆ ಮುಚ್ಚಿಬಿಟ್ಟಿದ್ದಳು. ಇದು ನೆಪವೂ ಹೌದು, ನಿಜವೂ ಹೌದು.

ನವೆಂಬರಿನ ಒಂದು ಬೆಳಿಗ್ಗೆ ಮೂವರೂ ಹೋದಮೇಲೆ ಲಮಾರಾ ಕೆಳಗಿಳಿದು ಬಂದು ಮೇಜಿಗೆ ಕೂತಳು. ಅವನು ಎಂದಿನಂತೆ ಚಹಾ ಇಟ್ಟ. ಆಕೆ ಕಪ್ಪನ್ನು ಎತ್ತಿದಳು. ಕಪ್ಪು ಕೈಯಿಂದ ಜಾರಿ ಮೇಜಿನ ಮೇಲೆ ಉರುಳಿ, ಚಹಾ ಅವನ ಪಂಚೆಯ ಮೇಲೆಲ್ಲ ಚೆಲ್ಲಿತು. ಆಕೆ ಅವನನ್ನೇ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು.

ಮುರುಗೆಪ್ಪನಿಗೆ ಉರಿದುಹೋಯಿತು. ಬೇಕೆಂದೇ ಚೆಲ್ಲಿದಳು ಎಂದುಕೊಂಡ. ಬಾಯಿಗೆ ಬಂದ ಮಾತನ್ನು ಹಟಕ್ಕೆ ನುಂಗಿದಳು ಎಂದುಕೊಂಡ.

"ಇಷ್ಟು ಸಿಟ್ಟು ಇರಬಾರದ್ರಿ ಮನಶ್ಯಾಗ," ಎಂದು ಕನ್ನಡದಲ್ಲೇ ಅಂದು, ಮೇಜು ಒರೆಸಿ, ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಹೋಗಿ ಯೂಟ್ಯೂಬಿನಲ್ಲಿ ವಾರ್ತೆ ಹಚ್ಚಿದ. ಎಲ್ಲೋ ಯಾರೋ ಯುದ್ಧದ ಬಗ್ಗೆ ವಾದಿಸುತ್ತಿದ್ದರು. ಅವನೂ ಅವರ ಜೊತೆ ತಲೆಯಾಡಿಸುತ್ತ ಕೂತ.

ಮಧ್ಯಾಹ್ನ ಇಳಿದು ಬಂದಾಗ ಆಕೆ ಸೋಫಾದ ಮೇಲೆ ಒಂದು ಬದಿಗೆ ವಾಲಿಕೊಂಡಿದ್ದಳು. ರೊಟ್ಟಿ, ಪಲ್ಯ ತಟ್ಟೆಗೆ ಹಾಕಿ ಪಕ್ಕದಲ್ಲಿಟ್ಟ. ಆಕೆಯ ಎಡಗೈ ಗಾಳಿಯಲ್ಲಿ ಸ್ವಲ್ಪ ಆಡಿತು. 'ಒಯ್ಯಿ' ಎನ್ನುತ್ತಿದ್ದಾಳೆ ಎಂದು ತಿಳಿದು ತಟ್ಟೆಯನ್ನು ಒಯ್ದ. ಈಗ ಉಪವಾಸ ಬೇರೆ ಶುರುವಾಯಿತು ಎಂದು ಗೊಣಗಿದ. ನಾಲ್ಕು ವರ್ಷ ಜೊತೆಗಿದ್ದ ಮನುಷ್ಯ ಒಮ್ಮೆ ಬಗ್ಗಿ ಆಕೆಯ ಮುಖ ನೋಡಿದ್ದರೆ ಸಾಕಿತ್ತು. ಅಭಿಮಾನಕ್ಕೆ ಕುತ್ತಿಗೆ ಬಗ್ಗುವುದಿಲ್ಲ.

ಸ್ಕೂಲ್ ಬಸ್ಸಿಳಿದು ಜಾನ್ವಿ ಬಂದಳು. ಅಜ್ಜಿಯನ್ನು ಅವಳು ಜಾರ್ಜಿಯನ್ನಿನಲ್ಲಿ ಬೇಬಿಯಾ ಎನ್ನುತ್ತಾಳೆ. "ಬೇಬಿಯಾ, ಐ ಆ್ಯಮ್ ಹೋಮ್!" ಎಂದು ಶೂ ಒದ್ದು ಬಿಸಾಡಿ ಒಳಗೆ ಹೋದವಳು ಒಮ್ಮೆಲೇ ಕಿರುಚಿದಳು. "ಅಜ್ಜ! ಹರ್ ಫೇಸ್! ಅಜ್ಜ, ಕಮ್ ಹಿಯರ್!"

ಲಮಾರಾಳ ಬಾಯಿ ಬಲಗಡೆ ಇಳಿಬಿದ್ದಿತ್ತು. ಸೆರಗಿನಂತೆ ಹೊದ್ದಿದ್ದ ಶಾಲು ಜೊಲ್ಲಿನಿಂದ ಒದ್ದೆಯಾಗಿತ್ತು. ಆಕೆ ಎಡಗೈಯಿಂದ ಮೊಮ್ಮಗಳ ತೋಳು ಹಿಡಿದು ಏನನ್ನೋ ಹೇಳಲು ಹೆಣಗುತ್ತಿದ್ದಳು. ಯಾವ ಭಾಷೆಯೂ ಬರುತ್ತಿರಲಿಲ್ಲ.

ಆಸ್ಪತ್ರೆಗೆ ಎಕಾ ಲ್ಯಾಬಿನ ಬ್ಯಾಡ್ಜು ಕುತ್ತಿಗೆಯಲ್ಲಿದ್ದಂತೆಯೇ ಓಡಿಬಂದಳು. ಚಿಕ್ಕ ವಯಸ್ಸಿನ ಡಾಕ್ಟರು ಮೆದುಳಿನ ಚಿತ್ರ ನೋಡಿ ಬಂದು, ಪಾರ್ಶ್ವವಾಯು ಎಂದು ಹೇಳಿ, ನೇರವಾಗಿ ಮುರುಗೆಪ್ಪನನ್ನೇ ಕೇಳಿದಳು. ರಕ್ತದ ಗಡ್ಡೆ ಕರಗಿಸುವ ಔಷಧವನ್ನು ಮೊದಲ ಕೆಲವು ಗಂಟೆಯೊಳಗೆ ಕೊಟ್ಟರೆ ಮಾತ್ರ ಉಪಯೋಗ. ಆಮೇಲೆ ಕೊಟ್ಟರೆ ಅಪಾಯ. ಅದಕ್ಕೆ ಒಂದು ವಿಷಯ ತಿಳಿಯಬೇಕು.

"ಅವರು ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಯಾವಾಗ?"

ಮುರುಗೆಪ್ಪನಿಗೆ ಇಂಗ್ಲಿಷ್ ಅರ್ಥವಾಗುತ್ತದೆ. ಎಕಾಳ ಕಡೆ ನೋಡಿದ.

"ಸರ್, ಇಡೀ ದಿನ ಜೊತೆಗಿದ್ದವರು ನೀವಲ್ಲವೆ?"

"ಶೀ ಡಸ್ ನಾಟ್ ಟಾಕ್ ಟು ಮೀ," ಎಂದ. ಎಕಾ ಅವನ ಕಡೆ ತಿರುಗಿದಳು. ಅವನು ಕನ್ನಡದಲ್ಲಿ ಮುಂದುವರಿಸಿದ. "ಮುಂಜಾನೆ ಚಾದ ಕಪ್ಪು ಕೈಯಾಗಿಂದ ಬಿತ್ತು. ನಾ... ಸಿಟ್ಟಿಗೆ ಚೆಲ್ಲಿದ್ರು ಅಂದ್ಕೊಂಡೆ, ಎಕವ್ವ. ಊಟಾನೂ ಮಾಡಲಿಲ್ಲ. ನಾ ಸಿಟ್ಟಂತ ತಿಳಕೊಂಡೆ."

ಎಕಾ ಅದನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ತನ್ನ ತಾಯಿ ಬೆಳಗಿನಿಂದ ಹಾಗೆಯೇ ಕೂತಿದ್ದಳು ಎಂಬುದನ್ನು ತನ್ನ ಬಾಯಿಂದಲೇ ಹೇಳಿದಳು. ಡಾಕ್ಟರು ಬರೆದುಕೊಂಡು, ಆ ಔಷಧದ ಹೊತ್ತು ಮೀರಿದೆ ಎಂದಳು.

ಮೂರು ವಾರದ ನಂತರ ಲಮಾರಾ ಮನೆಗೆ ಬಂದಳು. ಹಾಲ್‌ನಲ್ಲಿ ಆಸ್ಪತ್ರೆಯ ಮಂಚ ಹಾಕಿದರು. ಆಕೆಯ ಬಲ ಮೈ ಬಿದ್ದುಹೋಗಿತ್ತು. ಎಕಾ ಬ್ರೂಕ್ಲಿನ್‌ನಿಂದ ಮನಾನಾ ಎಂಬ ಜಾರ್ಜಿಯನ್ ಹೆಂಗಸನ್ನು ಹಗಲು ನೋಡಿಕೊಳ್ಳಲು ಗೊತ್ತುಮಾಡಿದಳು. ಈಗ ಚಹಾ ಮನಾನಾ ಮಾಡುತ್ತಾಳೆ. ಮುರುಗೆಪ್ಪ ಅಡುಗೆಮನೆಗೆ ಬಂದರೆ ಎಕಾ ಕೈಯಲ್ಲಿದ್ದುದನ್ನು ಬಿಟ್ಟು ಹೊರಗೆ ಹೋಗುತ್ತಾಳೆ.

ಒಮ್ಮೆ ಮಾತ್ರ ನಿಂತಳು. "ಮಾವ, ನೀವು ಕೆಟ್ಟವರಲ್ಲ," ಎಂದಳು. "ಕೆಟ್ಟವರಾಗಿದ್ರೆ ನನಗೆ ಈಸಿ ಇತ್ತು. ಅಮ್ಮ ಎದುರಿಗೇ ಇದ್ಲು. ನೀವು ನೋಡ್ಲಿಲ್ಲ. ನಿಮಗೆ ವಾದ ಕಾಣ್ತಿತ್ತು."

ಅವನು ಬಾಯಿ ತೆರೆಯುವಷ್ಟರಲ್ಲಿ ಹೊರಟುಹೋದಳು.

ಮಾತಿನ ತರಬೇತಿಗೆ ಬರುವ ಹುಡುಗಿ ಚಿತ್ರದ ಕಾರ್ಡುಗಳನ್ನು ತೋರಿಸುತ್ತಿದ್ದಳು. ಬಹಳ ದಿನ ಏನೂ ಬರಲಿಲ್ಲ. ಒಂದು ದಿನ ಒಂದು ಶಬ್ದ ಬಂತು, ಸ್ಪಷ್ಟವಾಗಿ. ಎಕಾ ಮುಖ ಮುಚ್ಚಿಕೊಂಡು ಮಹಡಿಗೆ ಓಡಿದಳು. ಅದು ಜಾರ್ಜಿಯನ್ ಆಗಿರಲಿಲ್ಲ.

"ಪತೋಮ್," ಎಂದಿದ್ದಳು ಲಮಾರಾ.

ಅಲ್ಲಿಂದ ಅದೊಂದೇ. ನೀರು ಬೇಕೆ? ಪತೋಮ್. ಮಗ್ಗಲು ತಿರುಗಿಸಲೆ? ಪತೋಮ್. ಬೇಕಾದರೂ ಪತೋಮ್, ಬೇಡವಾದರೂ ಪತೋಮ್. ಇಂಥ ರೋಗಿಗಳಲ್ಲಿ ಯಾವುದೋ ಒಂದು ಶಬ್ದ ಹೀಗೆ ಸಿಕ್ಕಿಕೊಂಡುಬಿಡುತ್ತದೆ, ಅದಕ್ಕೆ ಅರ್ಥ ಹುಡುಕಬೇಡಿ ಎಂದಳು ತರಬೇತಿಯ ಹುಡುಗಿ. ಒಮ್ಮೊಮ್ಮೆ ಅಂದಮೇಲೆ ಲಮಾರಾಳೇ ಗಾಬರಿಯಿಂದ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು.

ಜನವರಿಯಲ್ಲಿ ಕುನಾಲ್ ಅಂಗಳದ ಹಿಮ ಎತ್ತುತ್ತ ತಂದೆಗೆ ಹೇಳಿದ. "ಎಕಾ ಪ್ಲೇನ್ಸ್‌ಬರೋದಾಗ ಅಪಾರ್ಟ್‌ಮೆಂಟ್ ನೋಡ್ಯಾಳ ಅಪ್ಪಾ. ಮೆಟ್ಟಲ ಇಲ್ಲದ ಮನಿ, ವೀಲ್‌ಚೇರ್‌ಗೆ ಚಲೋ. ಅವರ ಅಮ್ಮನ್ನ, ಜಾನ್ವಿನ್ನ ಕರ್ಕೊಂಡು ಹೋಗ್ತಾಳಂತ."

"ನೀ?"

"ನಾನೂ ಹೋಗಬೇಕಲ್ಲ."

"ಮತ್ತ ನಾನು?"

ಕುನಾಲ್ ಸಲಿಕೆಯನ್ನು ಎರಡು ಸಲ ಎತ್ತಿ ಹಾಕಿದ. "ಆಮ್ಯಾಲೆ ಮಾತಾಡೂಣಪ್ಪಾ."

ಜಾನ್ವಿ ಚರ್ಚಾ ತಂಡ ಬಿಟ್ಟಿದ್ದಳು. ಟ್ರೋಫಿ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಒಂದು ಸಂಜೆ ಮುರುಗೆಪ್ಪ ಅವಳ ಬಾಗಿಲು ತಟ್ಟಿದ.

"ಜಾನ್ವಿ, ನಿಮ್ಮ ಬೇಬಿಯಾನ ಭಾಷಾದಾಗ ತಪ್ಪಾತು ಅಂತ ಹೆಂಗ ಅಂತಾರ?"

ಹುಡುಗಿ ಪುಸ್ತಕ ಮುಚ್ಚಿದಳು. "ಬೋದಿಶಿ," ಎಂದಳು. "ಸೇ ಇಟ್ ಸ್ಲೋಲಿ, ಅಜ್ಜ. ಬೋ-ದಿ-ಶಿ." ಅವನು ಮಗುವಿನಂತೆ ಮೂರು ನಾಲ್ಕು ಸಲ ಅಂದು ನೋಡಿದ.

ಮನೆ ಖಾಲಿ ಮಾಡುವ ಹಿಂದಿನ ದಿನ ಮನಾನಾ ಬರಲಿಲ್ಲ. ಎಕಾ ಮೇಲೆ ಬಟ್ಟೆ ತುಂಬುತ್ತಿದ್ದಳು. ಮುರುಗೆಪ್ಪ ಹಾಲಿಲ್ಲದ ಚಹಾ ಮಾಡಿ, ಆರಿಸಿ, ಚಮಚೆ ತೆಗೆದುಕೊಂಡು ಮಂಚದ ಹತ್ತಿರ ಹೋದ. ಕಪ್ಪನ್ನು ಮೇಜಿನ ಮೇಲಿಟ್ಟು, ನೆಲದ ಮೇಲೆ ಮೊಣಕಾಲೂರಿ, ಬಗ್ಗಿ, ಆಕೆಯ ಮುಖಕ್ಕೆ ಮುಖ ಕೊಟ್ಟು ನೋಡಿದ. ಬಾಯಿ ಬಲಗಡೆ ಇಳಿದಿತ್ತು. ಕಣ್ಣು ಮಾತ್ರ ಮೊದಲಿನದೇ, ಅವನನ್ನು ಗುರುತಿಸುವ ಕಣ್ಣು.

"ಬೀಗತಿ," ಎಂದ. "ಬೋದಿಶಿ."

ಆಕೆಯ ಎಡಗೈ ಹೊದಿಕೆಯಿಂದ ಈಚೆ ಬಂತು. ಹೇಳಲು ಬಹಳ ಹೆಣಗಿದಳು. ಕುತ್ತಿಗೆಯ ನರ ಉಬ್ಬಿತು. ಮೆಟ್ಟಿಲ ಮೇಲೆ ಎಕಾ ಬಟ್ಟೆಯ ಪೆಟ್ಟಿಗೆ ಹಿಡಿದು ನಿಂತುಬಿಟ್ಟಿದ್ದಳು.

"ಪತೋಮ್," ಎಂದಳು ಲಮಾರಾ.

ಅದು ರೋಗವೋ ಉತ್ತರವೋ ಅವನಿಗೆ ತಿಳಿಯಲಿಲ್ಲ. ಕೇಳಿದರೆ ಹೇಳುವವರು ಯಾರೂ ಇರಲಿಲ್ಲ. ಎಕಾ ಇಳಿದು ಬಂದು ಅವನ ಕೈಯಿಂದ ಚಮಚೆಯನ್ನು ತೆಗೆದುಕೊಂಡಳು.